ರಾಯರ ಊರಿನ ಬೆಕ್ಕುಗಳು

ಹೊಸಪೇಟೆಯ ಹಳೆಯ ಪೇಟೆಬೀದಿಗೆ ಕಾಲಿಡುತ್ತಲೇ ಒಣಮೆಣಸಿನಕಾಯಿಯ ಘಾಟು ಮೂಗಿಗೆ ಬಡಿಯುತ್ತದೆ. ಅದರ ಹಿಂದೆಯೇ ಬೆಲ್ಲ, ಶೇಂಗಾ, ಜೋಳದ ವಾಸನೆ. ಬೆಳಗಿನ ಹೊತ್ತು, ಅಂಗಡಿಗಳ ಶಟರ್‌ಗಳು ಒಂದೊಂದಾಗಿ ಮೇಲೇರುತ್ತಿವೆ. ಒಂದು ದೊಡ್ಡ ಕಿರಾಣಿ ಅಂಗಡಿಯ ಶಟರ್ ಇನ್ನೂ ಮೊಣಕಾಲಿನ ಎತ್ತರಕ್ಕೂ ಬಂದಿಲ್ಲ, ಅಷ್ಟರಲ್ಲೇ ಒಳಗಿನಿಂದ ಒಂದು ಬೆಕ್ಕು ನುಸುಳಿ ಹೊರಬಂತು. ಬೂದು ಮೈ, ಕಪ್ಪು ಪಟ್ಟೆ, ಎಡಗಿವಿಯ ತುದಿ ಚೂರು ಹರಿದಿದೆ. ಮುಂಗಾಲು ಚಾಚಿ, ಬೆನ್ನು ಬಾಗಿಸಿ, ಮೆಟ್ಟಿಲ ಮೇಲೆ ಮೈ ಮುರಿಯಿತು. ರಾತ್ರಿಪಾಳಿ ಮುಗಿಸಿ ಮನೆಗೆ ಹೊರಟ ಕಾವಲುಗಾರನ ಗತ್ತು ಅದಕ್ಕೆ.

“ರಾತ್ರಿ ಒಳಗ ಬಿಟ್ಟು ಶಟರ್ ಎಳಿತೀವ್ರಿ. ನಮ್ಮ ಅಪ್ಪಾರ ಕಾಲದಿಂದ್ಲೂ ಈ ಅಂಗ್ಡಿಗೆ ಒಂದಿಲ್ಲೊಂದು ಬೆಕ್ಕು ಐತ್ರಿ. ಬೆಕ್ಕಿಲ್ದಿದ್ರ ಚೀಲ ಉಳಿಯಂಗಿಲ್ಲ” ಎಂದರು ಯಜಮಾನರು. ಗಲ್ಲಾಪೆಟ್ಟಿಗೆಯ ಪಕ್ಕದ ಲೆಕ್ಕದ ಪುಸ್ತಕವನ್ನು ನನ್ನತ್ತ ತಿರುಗಿಸಿ ತೋರಿಸಿದರು. ಹಮಾಲರ ಕೂಲಿ, ಚಹಾ, ಗೋಣಿದಾರ, ಇವುಗಳ ಕೆಳಗೆ ಚಿಕ್ಕ ಅಕ್ಷರದಲ್ಲಿ ‘ಬೆಕ್ಕು – ಹಾಲು’. ಮಾರನೆಯ ದಿನದ ಲೆಕ್ಕದಲ್ಲೂ ಅದೇ, ಅದರ ಮರುದಿನವೂ ಅದೇ. ನಮ್ಮ ತೀರ್ಥಹಳ್ಳಿಯ ಕಡೆ ಬೆಕ್ಕು ಮನೆಯ ಮಗು. ಒಲೆಯ ಪಕ್ಕ ಮಲಗುತ್ತದೆ, ಮಜ್ಜಿಗೆ ಅನ್ನ ತಿನ್ನುತ್ತದೆ, ಯಾರೂ ಲೆಕ್ಕ ಬರೆಯುವುದಿಲ್ಲ. ಇಲ್ಲಿ ಅದು ನೌಕರ. ಅದರ ಸಂಬಳ ಪುಸ್ತಕದಲ್ಲಿದೆ!

ಈ ಪುಸ್ತಕ ನೋಡಿದ ಕೂಡಲೇ ನನಗೆ ಲಂಡನ್ ಅಂಚೆ ಇಲಾಖೆ ನೆನಪಾಯಿತು. 1868ರಲ್ಲಿ ಅಲ್ಲಿನ ಮನಿಯಾರ್ಡರ್ ಕಚೇರಿಯಲ್ಲಿ ಇಲಿಗಳು ಕಾಗದಪತ್ರ ತಿಂದು ಹಾಕುತ್ತಿದ್ದವು. ಮೂರು ಬೆಕ್ಕು ಇಟ್ಟುಕೊಳ್ಳಲು ವಾರಕ್ಕೆ ಎರಡು ಶಿಲಿಂಗ್ ಬೇಕೆಂದು ಕೆಳಗಿನವರು ಕೇಳಿದರು. ಮೇಲಿನವರು ಒಂದು ಶಿಲಿಂಗ್ ಮಂಜೂರು ಮಾಡಿದರು. ಆರು ತಿಂಗಳಲ್ಲಿ ಇಲಿ ಕಡಿಮೆಯಾಗದಿದ್ದರೆ ಭತ್ಯೆಯಲ್ಲಿ ಕಡಿತ ಎಂಬ ಷರತ್ತನ್ನೂ ಹಾಕಿದರು. ಹೊಸಪೇಟೆಯ ಯಜಮಾನರಿಗೆ ಇದನ್ನು ಹೇಳಿದೆ. ಅವರು ನಕ್ಕು, “ಹೊಟ್ಟಿ ಕಟ್ಟಿದ್ರ ಬೆಕ್ಕು ಇಲಿ ಹಿಡಿತೈತಿ ಅನ್ನೋದು ಸುಳ್ಳ್ರಿ. ಹೊಟ್ಟಿ ತುಂಬಿದ ಬೆಕ್ಕೇ ಛಲೋ ಬ್ಯಾಟಿ ಆಡೋದು” ಎಂದರು. ಹೊಟ್ಟೆ ತುಂಬಿದ್ದರೂ ಬೆಕ್ಕು ಬೇಟೆ ಬಿಡುವುದಿಲ್ಲ ಎಂಬ ಮಾತನ್ನು ಪ್ರಾಣಿಶಾಸ್ತ್ರವೂ ಒಪ್ಪುತ್ತದೆ.

ನಾನು ಈ ಸೀಮೆಗೆ ಬಂದದ್ದೇ ಬೆಕ್ಕಿನ ಜಾಡು ಹಿಡಿದು. ಕನ್ನಡದ ಮಕ್ಕಳೆಲ್ಲ ಕೇಳಿ ಬೆಳೆದ ಕಥೆಯೊಂದಿದೆಯಲ್ಲ: ರಾಜಧಾನಿಯಲ್ಲಿ ಇಲಿಗಳ ಕಾಟ ಹೆಚ್ಚಾಗಿ, ಕೃಷ್ಣದೇವರಾಯ ಮನೆಗೊಂದು ಬೆಕ್ಕು ಕೊಡುತ್ತಾನೆ, ಅದಕ್ಕೆ ಹಾಲೆರೆಯಲೆಂದು ಒಂದು ಹಸುವನ್ನೂ ಕೊಡುತ್ತಾನೆ. ತೆನಾಲಿ ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಡುತ್ತಾನೆ. ಬಾಯಿ ಸುಟ್ಟುಕೊಂಡ ಬೆಕ್ಕು ಮತ್ತೆ ಹಾಲಿನ ಬಟ್ಟಲು ಕಂಡರೆ ಸಾಕು, ಓಟ ಕೀಳುತ್ತದೆ. ಹಸುವಿನ ಹಾಲೆಲ್ಲ ರಾಮಕೃಷ್ಣನ ಮನೆಯವರಿಗೆ. ಕಥೆಯ ನಗುವನ್ನು ಒಂದು ಕ್ಷಣ ಬದಿಗಿಟ್ಟು ನೋಡಿ: ಒಂದು ಮಹಾನಗರ, ಅದರಲ್ಲಿ ಧಾನ್ಯ, ಧಾನ್ಯಕ್ಕೆ ಇಲಿ, ಇಲಿಗೆ ಬೆಕ್ಕು, ಬೆಕ್ಕಿಗೆ ಸರ್ಕಾರಿ ಭತ್ಯೆ. ಊರನ್ನು ನಡೆಸುವುದು ಎಂದರೇನು ಎಂದು ಬಲ್ಲವರ ಬಾಯಲ್ಲೇ ಈ ಕಥೆ ಹುಟ್ಟಿರಬೇಕು.

ಮಧ್ಯಾಹ್ನ ತುಂಗಭದ್ರಾ ಅಣೆಕಟ್ಟಿನ ಕಡೆ ಹೊರಟೆ. 1953ರಲ್ಲಿ ಮುಗಿದ ಅಣೆಕಟ್ಟು, 33 ಗೇಟು. ಒಳ್ಳೆಯ ಮಳೆಯಾದ ವರ್ಷ, ಹಿನ್ನೀರು ಕಣ್ಣಿಗೆಟುಕುವಷ್ಟು ದೂರ ಹೊಳೆಯುತ್ತಿದೆ. ತೀರ್ಥಹಳ್ಳಿಯಲ್ಲಿ ಬಂಡೆಗಳ ನಡುವೆ ಸದ್ದು ಮಾಡುತ್ತ ಹರಿಯುವ ನಮ್ಮ ತುಂಗೆ, ಕೂಡಲಿಯಲ್ಲಿ ಭದ್ರೆಯ ಕೈ ಹಿಡಿದು, ಇಲ್ಲಿ ಬಂದು ಕಡಲಾಗಿ ನಿಂತಿದ್ದಾಳೆ. ಅಣೆಕಟ್ಟಿನ ರಸ್ತೆಯಲ್ಲಿ ಮೀನು ಹುರಿಯುವ ಅಂಗಡಿಯೊಂದರ ಹಿಂದೆ ರೋಹು, ಕಾಟ್ಲಾ ಮೀನುಗಳನ್ನು ಕೊಯ್ದು ತೊಳೆಯುತ್ತಿದ್ದಾರೆ. ಕೊಯ್ಯುವ ಮಣೆಯಿಂದ ಒಂದು ಮಾರು ದೂರದಲ್ಲಿ ಬೆಕ್ಕುಗಳ ಸಾಲು. ಒಂದೂ ಮುಂದೆ ಬರುವುದಿಲ್ಲ, ಒಂದೂ ಕೂಗುವುದಿಲ್ಲ. ಕಿವಿರು, ಕರುಳು ಎಸೆದಾಗ ಸಾಲಿನ ಮೊದಲಿನ ಬೆಕ್ಕು ಎದ್ದು ಎತ್ತಿಕೊಂಡು ಹೋಗುತ್ತದೆ. ಉಳಿದವು ಮುಂದಕ್ಕೆ ಸರಿಯುತ್ತವೆ. ನಾನು ತಂದಿದ್ದ ಮೊಸರನ್ನದ ಪೊಟ್ಟಣವನ್ನು ಬೆಂಚಿನ ಮೇಲಿಟ್ಟು ಈ ಶಿಸ್ತನ್ನು ನೋಡುತ್ತ ಮೈಮರೆತೆ. ಹಿಂದಿನಿಂದ ಬಂದ ಇನ್ನೊಂದು ಬೆಕ್ಕು ಪೊಟ್ಟಣ ಹರಿದು ಮೊಸರೆಲ್ಲ ನೆಕ್ಕಿ, ಅನ್ನವನ್ನು ನನಗೇ ಬಿಟ್ಟಿತ್ತು. ಮಿರ್ಚಿ, ಒಗ್ಗರಣೆ ಮಂಡಕ್ಕಿ ತಿಂದು ಅಂದಿನ ಊಟ ಮುಗಿಸಿದೆ. ಮಂಡಕ್ಕಿ ಬಹಳ ರುಚಿಯಾಗಿತ್ತು.

ಮರುದಿನ ಸಂಡೂರಿಗೆ ಹೊರಡಲು ಆಟೊ ಹತ್ತಿ ಬಸ್ ನಿಲ್ದಾಣದ ಕಡೆ ಬರುತ್ತಿದ್ದೇನೆ. ಗಲ್ಲಿಯ ತಿರುವಿನಲ್ಲಿ ಬೆಕ್ಕೊಂದು ಅಡ್ಡ ಹಾಯಿತು. ಆಟೊ ನಿಂತೇಬಿಟ್ಟಿತು. “ಎರಡು ನಿಮಿಷ ತಡೀರಿ ಸಾರ್, ಯಾರಾದ್ರೂ ದಾಟ್ಲಿ” ಎಂದು ಚಾಲಕ ಇಂಜಿನ್ನನ್ನೇ ಬಂದ್ ಮಾಡಿದ. ಯಾರೂ ದಾಟಲಿಲ್ಲ. ಕೊನೆಗೆ ಸೈಕಲ್ ಮೇಲೆ ಶಾಲೆಗೆ ಹೊರಟ ಹುಡುಗಿಯೊಬ್ಬಳು ಗಂಟೆ ಬಾರಿಸುತ್ತ ಹೋದ ಮೇಲೆ ನಮಗೆ ದಾರಿ ಶುದ್ಧವಾಯಿತು. ಬಸ್ಸು ಅಷ್ಟರಲ್ಲಿ ಹೊರಟುಹೋಗಿತ್ತು. ಮುಂದಿನ ಬಸ್ಸಿಗೆ ಕಾಯುತ್ತ ಯೋಚಿಸಿದೆ: ಅಂಗಡಿಯೊಳಗಿದ್ದರೆ ಲಕ್ಷ್ಮಿ ಕಾಯುವ ಜೀವ, ಬೀದಿ ದಾಟಿದರೆ ಅಪಶಕುನ. ನಮ್ಮ ಮಲೆನಾಡಿನಲ್ಲೂ ಹೀಗೆಯೇ. ಬೆಕ್ಕಿನ ಋಣವನ್ನೂ ಅದರ ಮೇಲಿನ ಭಯವನ್ನೂ ನಾವು ಒಟ್ಟಿಗೇ ಸಾಕಿಕೊಂಡು ಬಂದಿದ್ದೇವೆ.

ಋಣ ಸಣ್ಣದಲ್ಲ. 1898ರ ಹೊತ್ತಿಗೆ ಮುಂಬೈಯಿಂದ ಹೊರಟ ಪ್ಲೇಗು ಹುಬ್ಬಳ್ಳಿ, ಬೆಂಗಳೂರು, ಮೈಸೂರುಗಳನ್ನು ತತ್ತರಿಸುವಂತೆ ಮಾಡಿತು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿದರು, ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂದು ಪಾಲ್-ಲೂಯಿ ಸಿಮೊಂಡ್ ಕರಾಚಿಯಲ್ಲಿ ತೋರಿಸಿದ್ದೂ ಅದೇ 1898ರಲ್ಲಿ. ಹತ್ತು ವರ್ಷದ ಬಳಿಕ ಅಮರಾವತಿ ಜಿಲ್ಲೆಯಲ್ಲಿದ್ದ ವೈದ್ಯಾಧಿಕಾರಿ ಆಂಡ್ರ್ಯೂ ಬುಕಾನನ್, ಬೆಕ್ಕುಗಳು ಹೆಚ್ಚಿರುವ ಹಳ್ಳಿಗಳಲ್ಲಿ ಪ್ಲೇಗು ಕಾಣಿಸಲಿಲ್ಲವೆಂದು ಬರೆದು, ಮನೆಮನೆಯಲ್ಲಿ ಬೆಕ್ಕು ಸಾಕಿ ಎಂದು ಸಲಹೆ ಮಾಡಿದ. ರಾಯರ ಕಥೆಯನ್ನು ಆತ ಕೇಳಿದ್ದನೋ ಇಲ್ಲವೋ, ಸಲಹೆಯಂತೂ ಅದೇ.

ಹೊಸಪೇಟೆಯಿಂದ ಸಂಡೂರಿಗೆ ಸುಮಾರು 30 ಕಿಲೋಮೀಟರ್. ದಾರಿಯುದ್ದಕ್ಕೂ ಅದಿರಿನ ಲಾರಿಗಳು. ಕಿಟಕಿಯ ಗಾಜು ಕೆಂಪು, ಸೀಟು ಕೆಂಪು, ಒರೆಸಿಕೊಂಡ ಕರವಸ್ತ್ರವೂ ಕೆಂಪು. ಆದರೆ ಕಣಿವೆಯೊಳಕ್ಕೆ ಇಳಿಯುತ್ತಿದ್ದಂತೆ ಹಸಿರೋ ಹಸಿರು! ಬಳ್ಳಾರಿ ಎಂದರೆ ಬಿಸಿಲು, ಬಂಡೆ ಎಂದುಕೊಂಡು ಬಂದವನಿಗೆ ಸಂಡೂರಿನ ಬೆಟ್ಟಗಳು ಊರಿನ ನೆನಪು ತರಿಸಿದವು. ಮೋಡ ಬೆಟ್ಟದ ನೆತ್ತಿಗೆ ತಾಗಿಕೊಂಡಿತ್ತು; ಆಗುಂಬೆಯಲ್ಲಿ ಕಾಣುವ ನೋಟ ಇದು.

ಕಾಡಿನ ದಾರಿಯಲ್ಲಿ ಮೇಲೇರಿದರೆ ಕುಮಾರಸ್ವಾಮಿ ಬೆಟ್ಟ. ಸಾವಿರ ವರ್ಷಕ್ಕೂ ಹಳೆಯ ಪಾರ್ವತಿ ಗುಡಿ, ಪಕ್ಕದಲ್ಲಿ ಮಗ ಕುಮಾರಸ್ವಾಮಿಯ ಗುಡಿ. ಈ ಶಿವನ ಸಂಸಾರವನ್ನು ನೆನೆದರೆ ನನಗೆ ಯಾವಾಗಲೂ ಬೆರಗು: ಅಪ್ಪನಿಗೆ ಎತ್ತು, ಅವ್ವನಿಗೆ ಸಿಂಹ, ಹಿರಿಯ ಮಗನಿಗೆ ಇಲಿ, ಕಿರಿಯವನಿಗೆ ನವಿಲು, ಅಪ್ಪನ ಕೊರಳಲ್ಲಿ ಹಾವು. ಸ್ಕಂದನ ಪತ್ನಿಯೆಂದು ಪುರಾಣಗಳು ಹೇಳುವ ಷಷ್ಠೀದೇವಿಗೆ, ಮಕ್ಕಳನ್ನು ಕಾಯುವ ಆ ತಾಯಿಗೆ, ಬಂಗಾಳದ ಕಡೆ ಬೆಕ್ಕೇ ವಾಹನ. ಭಾವನ ಇಲಿ, ನಾದಿನಿಯ ಬೆಕ್ಕು ಒಂದೇ ಅಂಗಳದಲ್ಲಿ! ಗುಡಿಯ ಹೊರಗೆ ಹೂಕಾಯಿ ಅಂಗಡಿಯ ಅಮ್ಮನಿಗೆ ಇದನ್ನು ಹೇಳಿದೆ. ಅವರು ತಮ್ಮ ಬುಟ್ಟಿಯ ಹಿಂದೆ ಮರಿ ಹಾಕಿದ್ದ ಬೆಕ್ಕನ್ನು ತೋರಿಸಿ, “ಹಂಗಾದ್ರ ಇದು ಸೊಸಿ ಮನಿದು” ಎಂದು ಒಂದು ಹೂವಿನ ಎಸಳನ್ನು ಅದರ ತಲೆಯ ಮೇಲಿಟ್ಟರು.

ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ. ತಾಂಡಾವೊಂದರ ಜಗಲಿಯಲ್ಲಿ ಹೆಂಗಸರು ಕಾಲು ನೀಡಿ ಕುಳಿತು ಸೂಜಿಯಾಡಿಸುತ್ತಿದ್ದಾರೆ. ಕನ್ನಡಿ ಚೂರು, ಕವಡೆ, ಕೆಂಪು, ಹಳದಿ, ನೀಲಿ ದಾರ. ಕನ್ನಡಿಯಿಂದ ಗೋಡೆಗೆ ಬಿದ್ದ ಬೆಳಕಿನ ಚುಕ್ಕಿಗಳನ್ನು ಬೆಕ್ಕಿನ ಮರಿಯೊಂದು ಅಟ್ಟಿಸಿಕೊಂಡು ಹೋಗಿ ಗೋಡೆಗೆ ಪಂಜ ಬಡಿಯುತ್ತಿದೆ. ಮರಿಯ ಬಣ್ಣ ಬೆನ್ನಿನ ಮೇಲೆ ಅಚ್ಚ ಬಿಳಿ, ಹೊಟ್ಟೆಯಿಂದ ಕೆಳಗೆ ಅಚ್ಚ ಕೆಂಪು. ಅದಿರಿನ ಕೆಸರಲ್ಲಿ ನಡೆದು ಬಂದಿದೆ. “ತೊಳೆದ್ರೂ ಹೋಗಂಗಿಲ್ಲ” ಎಂದರು ಅಜ್ಜಿ. ಹೊಲ ಇರುವ ಮನೆಯಲ್ಲಿ ಜೋಳದ ಚೀಲಕ್ಕೆ ಕಾವಲು, ದಾರದ ಉಂಡೆ ಇರುವ ಮನೆಯಲ್ಲಿ ಉಪದ್ರವ, ಎರಡೂ ಒಂದೇ ಬೆಕ್ಕಿನಿಂದ ಎಂದು ಅವರು ಹೇಳುವಾಗ ದಾರದ ಉಂಡೆ ಜಗಲಿ ಇಳಿದು ಅಂಗಳದ ಆಚೆಗೆ ಹೊರಟಿತ್ತು.

ಈಗ ಹಂಪಿ. ವಿರೂಪಾಕ್ಷ ಗುಡಿಯ ಮುಂದೆ ನಿಂತಿದ್ದೇನೆ. ಎದುರಿಗೆ ಬಜಾರಿನ ಕಲ್ಲಿನ ಸಾಲುಮಂಟಪ ಎದುರು ಬಸವಣ್ಣನವರೆಗೂ ಹಬ್ಬಿದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್‌ಗೆ ಈ ನಗರ ರೋಮಿನಷ್ಟು ದೊಡ್ಡದಾಗಿ ಕಂಡಿತು. ಅಕ್ಕಿ, ಗೋಧಿ, ಜೋಳ, ಹೆಸರು, ಹುರುಳಿ ರಾಶಿ ರಾಶಿ. ಜಗತ್ತಿನಲ್ಲೇ ಇಷ್ಟು ಸಮೃದ್ಧವಾದ ಊರಿಲ್ಲ ಎಂದ. ಹದಿನೈದು ವರ್ಷದ ನಂತರ ಬರೆದ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಇನ್ನೊಂದು ಅಚ್ಚರಿ ದಾಖಲಿಸಿದ್ದಾನೆ. ಈ ನಗರದ ಸಂತೆಯಲ್ಲಿ ಮಾಂಸಕ್ಕೆಂದು ಮಾರುತ್ತಿದ್ದ ಪ್ರಾಣಿಗಳ ಪಟ್ಟಿಯಲ್ಲಿ ಗುಬ್ಬಚ್ಚಿ, ಇಲಿ, ಬೆಕ್ಕು, ಹಲ್ಲಿಗಳೂ ಇವೆ. ಎಲ್ಲವನ್ನೂ ಜೀವಂತವಾಗಿಯೇ ಮಾರಬೇಕು, ಕೊಳ್ಳುವವನಿಗೆ ಮೋಸವಾಗಬಾರದು ಎಂಬ ಕಟ್ಟಳೆ. ಓದಿದಾಗ ಮೈ ಜುಮ್ಮೆಂದಿತ್ತು. ಆದರೂ ಒಂದು ಸಂಗತಿ ಸ್ಪಷ್ಟವಾಯಿತು: ರಾಯರ ಕಾಲದ ಈ ಬೀದಿಗಳಲ್ಲಿ ಇಲಿಯೂ ಇತ್ತು, ಬೆಕ್ಕೂ ಇತ್ತು. ಕಥೆಗೆ ಕಾಲೂರಲು ನೆಲ ಸಿಕ್ಕಿತು.

ಮಂಟಪದ ನೆರಳಲ್ಲಿ ಎಳನೀರು ಮಾರುವ ಅಕ್ಕ, “ಇಲ್ಲಿ ಮನಿಗಳಿದ್ದಾಗ ಮಂಟಪಕ್ಕೊಂದು ಬೆಕ್ಕಿದ್ವು” ಎನ್ನುತ್ತಾರೆ. 2011ರಲ್ಲಿ ಬಜಾರಿನ ಮನೆ, ಅಂಗಡಿಗಳನ್ನು ತೆರವು ಮಾಡಿದ ಮೇಲೆ ಜನ ಬೇರೆ ಕಡೆ ಹೋದರು, ಬೆಕ್ಕುಗಳೂ ಹೋದವು. ಈಗ ಇಲ್ಲಿ ಕೋತಿಗಳದೇ ರಾಜ್ಯ. ಕಿಷ್ಕಿಂಧೆಯಲ್ಲವೇ! ನದಿಯ ಆಚೆಗೆ 575 ಮೆಟ್ಟಿಲಿನ ಅಂಜನಾದ್ರಿ ಕಾಣುತ್ತಿದೆ. ನನ್ನ ಬಾಳೆಹಣ್ಣು ಹೋಯಿತು, ಬಿಸ್ಕತ್ತು ಹೋಯಿತು, ಕನ್ನಡಕವನ್ನು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ವಿಜಯ ವಿಠ್ಠಲನ ಗುಡಿಯವರೆಗೆ ನಡೆದೆ.

ಅಲ್ಲಿ, ಆಳ್ವಾರರ ಸನ್ನಿಧಿಗಳಿದ್ದ ಆ ವೈಷ್ಣವ ಕ್ಷೇತ್ರದಲ್ಲಿ, ಒಂದು ದೃಶ್ಯ. ಕಲ್ಲುಕಂಬದ ಬುಡದಲ್ಲಿ ಕೋತಿಯೊಂದು ಹೊಟ್ಟೆಗೆ ಮರಿ ಅವಚಿಕೊಂಡು ನೆಗೆಯುತ್ತಿದೆ. ಮರಿ ತಾಯಿಯನ್ನು ಗಟ್ಟಿಯಾಗಿ ಹಿಡಿದಿದೆ. ಕಾವಲುಗಾರರ ಕೊಠಡಿಯ ಹಿಂದೆ ಬೆಕ್ಕೊಂದು ಮರಿಯ ಕತ್ತಿನ ಹಿಂಭಾಗ ಕಚ್ಚಿ ಎತ್ತಿಕೊಂಡು ಹೋಗುತ್ತಿದೆ. ಮರಿ ಕೈಕಾಲು ಸಡಿಲ ಬಿಟ್ಟು ತೂಗಾಡುತ್ತಿದೆ. ಭಕ್ತ ದೇವರನ್ನು ಹಿಡಿದುಕೊಳ್ಳಬೇಕೋ, ದೇವರೇ ಭಕ್ತನನ್ನು ಎತ್ತಿಕೊಳ್ಳುತ್ತಾನೋ? ರಾಮಾನುಜರ ನಂತರದ ಆಚಾರ್ಯರು ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ ಎಂದು ಶತಮಾನಗಳ ಕಾಲ ವಾದಿಸಿದ ತತ್ತ್ವದ ಎರಡೂ ಪಕ್ಷ ಒಂದೇ ಅಂಗಳದಲ್ಲಿ ನನ್ನ ಕಣ್ಣಮುಂದೆ. ಬಿಸಿಲು, ಬಾಯಾರಿಕೆ ಎಲ್ಲ ಮರೆತುಹೋಯಿತು.

ಮಹಾನವಮಿ ದಿಬ್ಬದ ಸುತ್ತ ಸುತ್ತು ಹಾಕುತ್ತೇನೆ. ಕಲ್ಲಿನಲ್ಲಿ ಕೆತ್ತಿದ ಆನೆಗಳ ಸಾಲು, ಅರಬರು ಹಿಡಿದು ತರುವ ಕುದುರೆಗಳ ಸಾಲು, ಒಂಟೆ, ಜಿಂಕೆ, ಬೇಟೆಯ ನಾಯಿ. ಅತ್ತ ಹನ್ನೊಂದು ಗುಮ್ಮಟದ ಆನೆಲಾಯ. ನಮ್ಮೂರಿನ ದೊಡ್ಡ ಮನೆಗಳೂ ಅದರ ಒಂದು ಕೋಣೆಯ ಎತ್ತರಕ್ಕೆ ಬಾರವು. ರಾಜ್ಯಕ್ಕೆ ದುಡಿದ ಪ್ರಾಣಿಗಳಿಗೆ ಕಲ್ಲಿನಲ್ಲಿ ಎಂಥ ಗೌರವ! ಉಗ್ರನರಸಿಂಹನ 6.7 ಮೀಟರ್ ಎತ್ತರದ ಮೂರ್ತಿ, 1528ರದು, ಅಗಲಿಸಿದ ಕಣ್ಣುಗಳಿಂದ ನೋಡುತ್ತ ಕುಳಿತಿದೆ. ಸಿಂಹಕ್ಕೆ ಪೂಜೆ, ಆನೆಗೆ ಅರಮನೆ, ಕುದುರೆಗೆ ಶಿಲ್ಪ. ಕಣಜ ಕಾದ ಬೆಕ್ಕಿಗೆ ಸಿಕ್ಕಿದ್ದು ಜನರ ಬಾಯಲ್ಲಿ ಒಂದು ಕಥೆ.

ಮರುದಿನ ಬೆಳಿಗ್ಗೆ ನದಿಗೆ ಮೀಯಲು ಬಂದ ವಿರೂಪಾಕ್ಷ ಗುಡಿಯ ಆನೆ ಲಕ್ಷ್ಮಿಯನ್ನು ನೋಡುತ್ತ ಮೆಟ್ಟಿಲ ಮೇಲೆ ಕುಳಿತಿದ್ದೆ. ಪಕ್ಕದಲ್ಲಿ ರಷ್ಯಾದಿಂದ ಬಂದ ಹೆಣ್ಣುಮಗಳೊಬ್ಬಳು. ನನ್ನ ಹುಡುಕಾಟ ಕೇಳಿ ಅವಳ ಮುಖ ಅರಳಿತು. ಅವಳ ಊರು ಸೇಂಟ್ ಪೀಟರ್ಸ್‌ಬರ್ಗ್. ಅಲ್ಲಿನ ಚಳಿಗಾಲದ ಅರಮನೆಯಲ್ಲಿ ಇಲಿ ಹೆಚ್ಚಾದಾಗ ರಾಣಿ ಎಲಿಜಬೆತ್ 1745ರಲ್ಲಿ ಕಜಾನ್ ಊರಿನಿಂದ ಬೆಕ್ಕುಗಳನ್ನು ತರಿಸಲು ಆಜ್ಞೆ ಹೊರಡಿಸಿದಳಂತೆ. ಆ ಅರಮನೆ ಈಗ ಹರ್ಮಿಟಾಜ್ ಸಂಗ್ರಹಾಲಯ; ಇಂದಿಗೂ ಅದರ ನೆಲಮಾಳಿಗೆಯಲ್ಲಿ ಹತ್ತಾರು ಬೆಕ್ಕುಗಳಿವೆ, ನೋಡಿಕೊಳ್ಳಲು ಜನರಿದ್ದಾರೆ. ನಾನು ಅವಳಿಗೆ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಹೇಳಿದೆ. ಕೃಷ್ಣದೇವರಾಯ ಆಳಿದ್ದು 1509ರಿಂದ 1529. ಅವಳ ರಾಣಿಗಿಂತ ಇನ್ನೂರು ವರ್ಷಕ್ಕೂ ಹಿಂದೆ. ಬಿಸಿ ಹಾಲಿನ ಜಾಗ ಬಂದಾಗ ಅವಳು ನಕ್ಕ ನಗುವಿಗೆ ಲಕ್ಷ್ಮಿಯೂ ಸೊಂಡಿಲೆತ್ತಿ ನೋಡಿತು. ಜಪಾನಿನಲ್ಲಿ ಕಿಶಿ ಎಂಬ ಪುಟ್ಟ ರೈಲು ನಿಲ್ದಾಣಕ್ಕೆ 2007ರಲ್ಲಿ ತಮಾ ಎಂಬ ಬೆಕ್ಕನ್ನೇ ಸ್ಟೇಷನ್ ಮಾಸ್ಟರ್ ಮಾಡಿ, ಟೋಪಿ ತೊಡಿಸಿ, ಮುಳುಗುತ್ತಿದ್ದ ರೈಲು ಮಾರ್ಗಕ್ಕೆ ಪ್ರಯಾಣಿಕರನ್ನು ಕರೆತಂದ ಕಥೆಯೂ ಅಲ್ಲಿ ಬಂತು. ಹಂಪಿಗೆ ಲಕ್ಷ್ಮಿ ಇದ್ದಂತೆ ಆ ಊರಿಗೆ ತಮಾ. 2015ರಲ್ಲಿ ಅದು ತೀರಿಕೊಂಡಾಗ ಸಾವಿರಾರು ಜನ ಸೇರಿದ್ದರು.

ಹಂಪಿಯಿಂದ ಕಂಪ್ಲಿಯ ದಾರಿ ಕಾಲುವೆಯ ದಾರಿ. ವಿಜಯನಗರದ ಕಾಲದ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತಿದೆ. ಇಕ್ಕೆಲಗಳಲ್ಲಿ ಭತ್ತ, ಬಾಳೆ, ಕಬ್ಬು. ವಿಜಯನಗರಕ್ಕೂ ಮೊದಲು ಕಂಪಿಲರಾಯ, ಕುಮಾರರಾಮರ ಊರು ಕಂಪ್ಲಿ. 1327ರಲ್ಲಿ ತುಘಲಕನ ಸೇನೆಗೆ ಬಿದ್ದ ರಾಜ್ಯ. ನದಿದಂಡೆಯ ಕೋಟೆ ನೋಡಿ, ಸೇತುವೆ ದಾಟಿ ಗಂಗಾವತಿಗೆ ಹೋಗಬೇಕೆಂದಿದ್ದೆ. ಅಣೆಕಟ್ಟಿನಿಂದ ನೀರು ಬಿಟ್ಟಿದ್ದರಿಂದ ಸೇತುವೆಯೇ ಕಾಣಿಸುತ್ತಿಲ್ಲ! ಲಾರಿಗಳ ಸಾಲು ನಿಂತಿದೆ. ತುಂಗೆ ನನ್ನನ್ನು ತಡೆದು ಕಂಪ್ಲಿಯಲ್ಲೇ ಉಳಿಸಿಕೊಂಡಳು. ಅದೇ ಒಳ್ಳೆಯದಾಯಿತು.

ಚಹಾದಂಗಡಿಯಲ್ಲಿ ಪರಿಚಯವಾದವರೊಬ್ಬರು ತಮ್ಮ ಅಕ್ಕಿ ಗಿರಣಿಗೆ ಕರೆದೊಯ್ದರು. ತೌಡಿನ ಬೆಚ್ಚನೆಯ ವಾಸನೆ, ಸೂರು ಮುಟ್ಟುವ ಚೀಲಗಳ ಅಟ್ಟಿ. ಯಂತ್ರ ನಿಂತ ಮೇಲೆ ಗೋದಾಮಿನ ಬಾಗಿಲಲ್ಲಿ ಕಾದು ಕುಳಿತೆವು. ಕಪ್ಪು, ಬಿಳಿ, ಕಂದು ಮೂರೂ ಬಣ್ಣದ ಬೆಕ್ಕು ಚೀಲಗಳ ಮೇಲೆ ಬಂತು. ಮೂರು ಬಣ್ಣದ್ದು ಎಂದರೆ ಬಹುತೇಕ ಹೆಣ್ಣೇ. ಅದರ ಕಿವಿಗಳು ಬೇರೆ ಬೇರೆ ದಿಕ್ಕಿಗೆ ತಿರುಗುತ್ತಿವೆ. ನಮಗೆ ಏನೂ ಕೇಳುತ್ತಿಲ್ಲ; ಮನುಷ್ಯನ ಕಿವಿಗೆ ಎಟುಕುವ ಮಿತಿಯ ಮೂರು ಪಟ್ಟಿಗೂ ಮೇಲಿನ ಕೀಚಲು ದನಿ ಬೆಕ್ಕಿಗೆ ಕೇಳುತ್ತದೆ. ಹಿಂಗಾಲು ಒಮ್ಮೆ ಅದುರಿತು, ಒಂದೇ ನೆಗೆತ, ಬಾಯಲ್ಲಿ ಸುಂಡಿಲಿ. ಅಷ್ಟೂ ನಿಶ್ಶಬ್ದ.

“ಹೆಗ್ಗಣದ ತಂಟೆಗೆ ಹೋಗಂಗಿಲ್ರಿ, ಅದು ದೊಡ್ಡದು. ಆದ್ರ ಬೆಕ್ಕಿನ ವಾಸನಿ ಇದ್ದಲ್ಲಿ ಸುಂಡಿಲಿ ಮನಿ ಮಾಡಂಗಿಲ್ಲ” ಎಂದರು ಗಿರಣಿಯವರು. ಸ್ಕಾಟ್ಲೆಂಡಿನಲ್ಲಿ ಬಾರ್ಲಿ ಗೋದಾಮು ಕಾಯುತ್ತಿದ್ದ ಟೌಸರ್ ಎಂಬ ಬೆಕ್ಕಿನ ಹೆಸರಲ್ಲಿ 28,899 ಇಲಿಗಳ ಗಿನ್ನೆಸ್ ದಾಖಲೆ ಇದೆ ಎಂದಾಗ ಅವರು ಹೆಮ್ಮೆಯಿಂದ ತಮ್ಮ ಬೆಕ್ಕಿನ ಕಡೆ ನೋಡಿದರು. ಸೈಪ್ರಸ್ ದ್ವೀಪದಲ್ಲಿ 9,500 ವರ್ಷ ಹಿಂದಿನ ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂಳಿದ್ದು ಸಿಕ್ಕಿದೆ. ಮನುಷ್ಯ ಧಾನ್ಯ ಕೂಡಿಟ್ಟ, ಇಲಿ ಬಂತು, ಬೆಕ್ಕು ತಾನಾಗಿ ಬಂತು. ಅಂದು ಶುರುವಾದ ಕೆಲಸವನ್ನು ಕಂಪ್ಲಿಯ ಈ ಗೋದಾಮಿನಲ್ಲಿ ಕಣ್ಣಾರೆ ಕಂಡೆ.

1565ರಲ್ಲಿ ರಾಯರ ನಗರ ಹಾಳಾಯಿತು. ಆನೆಲಾಯ ಬರಿದಾಗಿದೆ, ಅರಬ್ಬೀ ಕುದುರೆ ಇಲ್ಲ, ಒಂಟೆ ಇಲ್ಲ. ಆ ರಾಜಧಾನಿಯಲ್ಲಿ ದುಡಿದ ಪ್ರಾಣಿಗಳಲ್ಲಿ ಇಂದಿಗೂ ಅದೇ ಕೆಲಸವನ್ನು, ಅದೇ ಸೀಮೆಯಲ್ಲಿ, ಅದೇ ಹಾಲಿನ ಸಂಬಳಕ್ಕೆ ಮಾಡುತ್ತಿರುವುದು ಬೆಕ್ಕು. ಅದಕ್ಕೆ ಈಗಿನ ದೊಡ್ಡ ಅಪಾಯ ಇಲಿ ಪಾಷಾಣ. ವಿಷ ತಿಂದ ಇಲಿಯನ್ನು ತಿಂದ ಬೆಕ್ಕೂ ಸಾಯಬಹುದು. ಕಾವಲು ತಪ್ಪಿದ ಗೋದಾಮಿಗೆ ಇಲಿ ಮತ್ತೆ ಬರುತ್ತದೆ. ಕಂಪ್ಲಿಯ ಗಿರಣಿಯವರು ಪಾಷಾಣ ನಿಲ್ಲಿಸಿ ಬೋನು ಮತ್ತು ಬೆಕ್ಕು ಎರಡನ್ನೇ ನಂಬಿದ್ದಾರೆ. ಧಾನ್ಯ ಕೂಡಿಡುವವರೆಲ್ಲ ಹಾಗೆ ಮಾಡಲಿ. ಹಂಪಿಗೆ ಹೋಗುವವರು ಕಲ್ಲಿನ ರಥ ನೋಡಿದ ಮೇಲೆ ಹೊಸಪೇಟೆಯ ಪೇಟೆಬೀದಿಗೂ ಬನ್ನಿ, ಬೆಳಿಗ್ಗೆ ಶಟರ್ ಏಳುವ ಹೊತ್ತಿಗೆ. ಬೆಕ್ಕು ಅಡ್ಡ ಬಂದರೆ ಹೆದರಬೇಡಿ, ದಾರಿ ಬಿಡಿ.